ಬ್ಯಾಕ್ಟೀರಿಯಾವನ್ನು ಸತುವಿಲ್ಲದೆ ಉಪವಾಸ ಕೆಡವಲು ಹೋದಾಗ

ಸತುವನ್ನು ಒಳಗೆ ಎಳೆದುಕೊಳ್ಳಲು ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಝ್ನೂ ಎಂಬ ಪಂಪ್ ಇದೆ. ನನ್ನ ತಳಿಯಲ್ಲಿ ಆ ಪಂಪಿನ ಜೀನನ್ನು ನಾನೇ ತೆಗೆದುಹಾಕಿದ್ದೆ. ಸತು ಹಾಕದ ದ್ರಾವಣದಲ್ಲಿ ಅದು ಬೆಳೆಯಬಾರದಿತ್ತು. ಬೆಳಿಗ್ಗೆ ಬಂದು ನೋಡಿದರೆ ಕೊಳವೆಯೆಲ್ಲ ಮಬ್ಬು. ಪಂಪ್ ಇರುವ ಮೂಲ ತಳಿಯಷ್ಟೇ ಚೆನ್ನಾಗಿ ಬೆಳೆದಿತ್ತು.

ಮೊದಲು ತಳಿಯ ಮೇಲೇ ಅನುಮಾನ ಬಂತು. ಜೀನ್ ಇದೆಯೋ ಇಲ್ಲವೋ ಅಂತ ತೋರಿಸುವ ಪಿಸಿಆರ್ ಪರೀಕ್ಷೆ ಮಾಡಿದೆ, ಜೀನ್ ಇರಲಿಲ್ಲ. ತಪ್ಪು ಇದ್ದದ್ದು ದ್ರಾವಣದಲ್ಲಿ. ಸತು ಹಾಕಿಲ್ಲ ಅಂದರೆ ಸತು ಇಲ್ಲ ಅಂತ ನಾನು ಸುಮ್ನೆ ನಂಬಿಬಿಟ್ಟಿದ್ದೆ.

ಈ ಪ್ರಯೋಗದ ಹಿಂದೆ ಇದ್ದದ್ದು ಸೋಂಕಿನ ಪ್ರಶ್ನೆ. ರೋಗಾಣು ಒಳಗೆ ಬಂದರೆ ಅದಕ್ಕೆ ಬೇಕಾದ ಲೋಹಗಳನ್ನು ನಮ್ಮ ದೇಹ ಬಚ್ಚಿಡುತ್ತದೆ. ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಎಂಬ ಪ್ರೊಟೀನ್ ಕಬ್ಬಿಣವನ್ನು ಬಿಗಿಯಾಗಿ ಹಿಡಿದಿರುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೊಟೀನನ್ನು ಸುರಿದು ಸತು, ಮ್ಯಾಂಗನೀಸ್‌ಗಳನ್ನು ಕಸಿಯುತ್ತವೆ. ಆ ಕಣದ ಒಳದ್ರವದಲ್ಲಿರುವ ಪ್ರೊಟೀನಿನಲ್ಲಿ ಹೆಚ್ಚುಕಡಿಮೆ ಅರ್ಧ ಇದೇ! ಇಂಥ ಬರಗಾಲದಲ್ಲೂ ರೋಗಾಣು ಹೇಗೆ ಬದುಕುತ್ತದೆ ಅಂತ ನೋಡಬೇಕಾದರೆ, ಮೊದಲು ಆ ಬರಗಾಲವನ್ನು ಕೊಳವೆಯೊಳಗೆ ತರಬೇಕು, ಅಲ್ವಾ?

ಸತು ಎಲ್ಲೆಲ್ಲಿಂದ ಬರುತ್ತಿದೆ ಅಂತ ಹುಡುಕುತ್ತಾ ಹೋದೆ. ಗಾಜಿನಿಂದ ಬಿಡುತ್ತದೆ. ಕೈಗವಸಿನ ರಬ್ಬರನ್ನು ಗಟ್ಟಿ ಮಾಡಲು ಸತುವಿನ ಆಕ್ಸೈಡ್ ಬಳಸುತ್ತಾರೆ, ಹಾಗಾಗಿ ಅದರಿಂದಲೂ ಬರುತ್ತದೆ. ಲವಣಗಳ ಡಬ್ಬಿಯಲ್ಲೂ ಚೂರುಪಾರು ಇರುತ್ತದೆ. ಗಾಜು ಬಿಟ್ಟು ಪ್ಲಾಸ್ಟಿಕ್ ಕೊಳವೆ ತಂದೆ. ಅವನ್ನು 10% ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಅತಿ ಶುದ್ಧ ನೀರಿನಲ್ಲಿ ತೊಳೆದೆ. ದ್ರಾವಣವನ್ನು ಲೋಹಗಳನ್ನು ಹಿಡಿದುಕೊಳ್ಳುವ ಚೆಲೆಕ್ಸ್ ಎಂಬ ರಾಳದ ಜೊತೆ ಕಲಕಿ ಸೋಸಿದೆ. ಈ ರಾಳ ಸತುವಿನ ಜೊತೆ ಮೆಗ್ನೀಸಿಯಂ, ಕ್ಯಾಲ್ಸಿಯಂಗಳನ್ನೂ ಎಳೆದುಕೊಳ್ಳುತ್ತದೆ, ಪಿಎಚ್ ಕೂಡ ಏರಿಸುತ್ತದೆ. ಪಿಎಚ್ ಸರಿಮಾಡಿ, ಅತಿ ಶುದ್ಧ ಮೆಗ್ನೀಸಿಯಂ ವಾಪಸ್ ಹಾಕಿದೆ.

ಆದರೂ ಬೆಳೆಯಿತು! ಇದಕ್ಕೆ ಉತ್ತರ ಸಿಗಲು ಜಾಸ್ತಿ ದಿನ ಹಿಡಿಯಿತು. ನಾನು ಹಿಂದಿನ ರಾತ್ರಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದದ್ದು ಎಲ್‌ಬಿ ಎಂಬ ಪುಷ್ಟಿಯಾದ ದ್ರಾವಣದಲ್ಲಿ. ಅದರಲ್ಲಿ ಸತು ಬೇಕಾದಷ್ಟಿದೆ. ಒಂದು ಇ. ಕೋಲಿ ಕೋಶ ಸುಮಾರು 2 ಲಕ್ಷ ಸತುವಿನ ಪರಮಾಣುಗಳನ್ನು ಇಟ್ಟುಕೊಂಡಿರುತ್ತದೆ. ಅಂದರೆ ನಾನು ಬುತ್ತಿ ಕಟ್ಟಿಕೊಟ್ಟು ಉಪವಾಸಕ್ಕೆ ಕಳಿಸುತ್ತಿದ್ದೆ. ಸೋಸಿದ ದ್ರಾವಣದಲ್ಲೇ ಎರಡು ಸುತ್ತು ಬೆಳೆಸಿ, ಆಮೇಲೆ ಪ್ರಯೋಗಕ್ಕೆ ಇಟ್ಟೆ. ಝ್ನೂ ಇಲ್ಲದ ತಳಿ ನಿಂತುಹೋಯಿತು. ಕಬ್ಬಿಣ ಹಾಕಿದೆ, ಏಳಲಿಲ್ಲ. ಮ್ಯಾಂಗನೀಸ್‌ಗೂ ಏಳಲಿಲ್ಲ. ಒಂದಿಷ್ಟು ಸತು ಹಾಕಿದ ಕೊಳವೆ ಮಾತ್ರ ಮಬ್ಬಾಯಿತು. ಆ ದಿನದ ಖುಷಿ ಇವತ್ತಿಗೂ ನೆನಪಿದೆ.

ಆಮೇಲೆ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಅಂತ ತಿಳಿಯಲು ಮೂಲ ತಳಿಯ ಆರ್‌ಎನ್‌ಎ ತೆಗೆದು ನೋಡಿದೆ. ಸತು ಸಾಕಷ್ಟಿದ್ದಾಗ ಝುರ್ ಎಂಬ ಪ್ರೊಟೀನ್ ಕೆಲವು ಜೀನ್‌ಗಳನ್ನು ಅದುಮಿ ಹಿಡಿದಿರುತ್ತದೆ. ಸತು ಇಳಿದರೆ ಹಿಡಿತ ಬಿಡುತ್ತದೆ. ಝ್ನೂ ಪಂಪಿನ ಜೀನ್‌ಗಳು ಏರಿದ್ದವು, ಅದನ್ನು ನಾನು ಕಾದೇ ಇದ್ದೆ. ಆದರೆ ನನಗೆ ತುಂಬಾ ಇಷ್ಟವಾದದ್ದು ಕೋಶದಲ್ಲಿ ಪ್ರೊಟೀನ್ ಕಟ್ಟುವ ಯಂತ್ರವಾದ ರೈಬೋಸೋಮಿನ ಸಂಗತಿ. ಅದರ ಎಲ್31 ಎಂಬ ಭಾಗ ಸತುವನ್ನು ಹಿಡಿದಿರುತ್ತದೆ. ಬರ ಬಂದಾಗ ಬ್ಯಾಕ್ಟೀರಿಯಾ ಸತುವೇ ಬೇಡದ ಇನ್ನೊಂದು ಎಲ್31 ಅನ್ನು ಮಾಡಿ ಅದರ ಜಾಗದಲ್ಲಿ ಕೂರಿಸುತ್ತದೆ. ಉಳಿದ ಸತು ಅದಿಲ್ಲದೆ ನಡೆಯದ ಕೆಲಸಗಳಿಗೆ ಸಿಗುತ್ತದೆ. ಹೊರಗೆ ಹುಡುಕುವುದರ ಜೊತೆಗೆ ಮನೆಯೊಳಗಿನ ಖರ್ಚನ್ನೂ ಇಳಿಸುವ ಉಪಾಯ ಇದು.

ಕೊನೆಗೆ ಕ್ಯಾಲ್‌ಪ್ರೊಟೆಕ್ಟಿನ್ ಹಾಕಿ ನೋಡಿದೆ. ಏನೂ ಆಗಲಿಲ್ಲ. ಈ ಸಲ ಕಾರಣ ಬೇಗ ಹೊಳೆಯಿತು. ಕ್ಯಾಲ್ಸಿಯಂ ಇದ್ದರೇ ಅದು ಲೋಹವನ್ನು ಗಟ್ಟಿಯಾಗಿ ಹಿಡಿಯುವುದು, ಆ ಕ್ಯಾಲ್ಸಿಯಂ ಚೆಲೆಕ್ಸ್ ಜೊತೆಗೇ ಹೋಗಿತ್ತು. ದ್ರಾವಣದಲ್ಲಿ ಫಾಸ್ಫೇಟ್ ಜಾಸ್ತಿ ಇದ್ದರೆ ಕ್ಯಾಲ್ಸಿಯಂ ಬಿಳಿ ಗಷ್ಟಾಗಿ ತಳಕ್ಕೆ ಕೂರುತ್ತದೆ. ಅದಕ್ಕೆ ಪಿಎಚ್ ಕಾಯಲು ಫಾಸ್ಫೇಟ್ ಬದಲು ಟ್ರಿಸ್ ಎಂಬ ಬಫರಿಗೆ ಬದಲಾಯಿಸಿ, 2 ಮಿಲಿಮೋಲಾರ್ ಕ್ಯಾಲ್ಸಿಯಂ ಸೇರಿಸಿದೆ. ಝ್ನೂ ಇಲ್ಲದ ತಳಿ ಅಲ್ಲೇ ನಿಂತಿತು. ಮೂಲ ತಳಿ ತಡವಾಗಿ, ನಿಧಾನವಾಗಿ, ಆದರೂ ಬೆಳೆಯಿತು.