ಬಾಸ್ ಮೀನಿಗೆ ಯಾವ ದಾರ? ಪೌಂಡಿನ ಅಂಕಿ ಕೊನೆಗೆ ನೋಡಿ

ಬಾಸ್ ಹಿಡಿಯಲು ದಾರ ಕೊಳ್ಳುವಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಡಬ್ಬಿಯ ಮೇಲಿನ ಪೌಂಡ್ ಅಂಕಿಯ ಕಡೆಗೆ, ಅಂದರೆ ದಾರ ಎಷ್ಟು ಎಳೆತ ತಡೆಯುತ್ತದೆ ಅನ್ನುವ ಅಂಕಿಯ ಕಡೆಗೆ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಮೊದಲು ಕೇಳಿಕೊಳ್ಳುವುದು ಎರಡೇ ಪ್ರಶ್ನೆ. ಲ್ಯೂರಿಗೆ, ಅಂದರೆ ಮೀನನ್ನು ಸೆಳೆಯುವ ನಕಲಿ ಎರೆಗೆ, ಇರುವುದು ದಪ್ಪನೆಯ ಒಂಟಿ ಕೊಕ್ಕೆಯೋ, ಸಣ್ಣ ಮೂರು ಮುಳ್ಳಿನ ಕೊಕ್ಕೆಯೋ? ಮೀನು ಅಡಗಿರುವುದು ಕಳೆಯಲ್ಲೋ, ಕಲ್ಲಿನ ಸಂದಿಯಲ್ಲೋ, ಬಯಲು ನೀರಿನಲ್ಲೋ? ಇವೆರಡು ಗೊತ್ತಾದರೆ ದಾರದ ಜಾತಿ ಹೆಚ್ಚುಕಡಿಮೆ ತೀರ್ಮಾನವಾದಂತೆ.

ಮೊನೊ ಅಂದರೆ ಒಂಟಿ ಎಳೆಯ ನೈಲಾನ್. ಮುರಿಯುವ ಮೊದಲು ಇಪ್ಪತ್ತು ಪರ್ಸೆಂಟಿಗೂ ಹೆಚ್ಚು ಹಿಗ್ಗುತ್ತದೆ. ಇದನ್ನು ದೋಷವೆಂದು ಬರೆಯುವವರೇ ಹೆಚ್ಚು. ಆದರೆ ನೀರಿನ ಮೇಲೆ ಓಡುವ, ಮೂರು ಮುಳ್ಳಿನ ಕೊಕ್ಕೆಯ ಲ್ಯೂರಿಗೆ ಈ ಹಿಗ್ಗೇ ಆಸರೆ. ಮೀನು ಚಿಮ್ಮಿ ಬಾಯಿ ಹಾಕಿದ ಕೂಡಲೇ ಕೈ ತಾನಾಗಿ ಜಗ್ಗಿಬಿಡುತ್ತದೆ. ಹಿಗ್ಗುವ ದಾರ ಮೀನಿಗೆ ಲ್ಯೂರನ್ನು ಬಾಯೊಳಗೆ ತೆಗೆದುಕೊಳ್ಳುವಷ್ಟು ಸಮಯ ಕೊಡುತ್ತದೆ. ದಡದ ಹತ್ತಿರ ಮೀನು ತಲೆ ಒದರಿದಾಗ ಸಣ್ಣ ಕೊಕ್ಕೆ ಬಾಯಿ ಹರಿದುಕೊಂಡು ಬರುವುದೂ ಕಡಿಮೆ. ಈ ಕೆಲಸಕ್ಕೆ ನಾನು ಹಾಕುವುದು 12ರಿಂದ 15 ಪೌಂಡಿನ ಮೊನೊ. ನೈಲಾನ್ ನೀರು ಕುಡಿದರೆ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ, ಬಿಸಿಲಿಗೆ ಹಾಳಾಗುತ್ತದೆ. ಹಾಗಾಗಿ ಪ್ರತಿ ಹಂಗಾಮಿಗೂ ಹೊಸದು.

ಫ್ಲೋರೋಕಾರ್ಬನ್ ಇನ್ನೊಂದು ಬಗೆಯ ಒಂಟಿ ಎಳೆಯ ದಾರ. ಅದು ನೀರಿನಲ್ಲಿ ಕಾಣುವುದೇ ಇಲ್ಲ ಅನ್ನುವುದು ಜಾಹೀರಾತಿನ ಮಾತು. ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, ನೀರಿನದ್ದಕ್ಕೆ ಹತ್ತಿರವಾದಷ್ಟೂ ದಾರ ಕಡಿಮೆ ಕಾಣುತ್ತದೆ. ನೀರಿನದ್ದು 1.33, ಇದರದ್ದು ಸುಮಾರು 1.42, ನೈಲಾನಿನದ್ದು 1.5ಕ್ಕೂ ಮೇಲೆ. ಅಂದರೆ ಕಡಿಮೆ ಕಾಣುತ್ತದೆ, ಮಾಯವಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಇದರ ಅಸಲಿ ಗುಣ ತೂಕ. ಸಾಂದ್ರತೆ ನೀರಿನ 1.78 ಪಟ್ಟಿನ ಆಸುಪಾಸು ಇರುವುದರಿಂದ ತಾನೇ ಮುಳುಗುತ್ತದೆ, ಲ್ಯೂರಿನವರೆಗೂ ಜೋಲಿಲ್ಲದೆ ನಿಲ್ಲುತ್ತದೆ, ತಳದಲ್ಲಿ ಕಲ್ಲು ತಾಗಿದ್ದು ಬೆರಳಿಗೆ ತಿಳಿಯುತ್ತದೆ. ಆಳಕ್ಕಿಳಿಯುವ ಕ್ರ್ಯಾಂಕ್‌ಬೈಟ್ ಲ್ಯೂರಿಗೆ 10 ಅಥವಾ 12 ಪೌಂಡ್ ಸಾಕು. ದಾರ ದಪ್ಪವಾದಷ್ಟೂ ನೀರಿನ ತಡೆ ಹೆಚ್ಚಿ ಲ್ಯೂರ್ ಮೇಲೆಯೇ ಉಳಿಯುತ್ತದೆ. ‘ಇರಲಿ’ ಅಂತ 17 ಪೌಂಡ್ ಹಾಕಿದವರ ಲ್ಯೂರ್ ತಳ ಮುಟ್ಟದಿರುವುದು ಇದೇ ಕಾರಣಕ್ಕೆ. ಕಲ್ಲು, ಮರದ ಬೊಡ್ಡೆಗಳ ನಡುವೆ ಜಿಗ್ (ತೂಕದ ತಲೆಯ ಕೊಕ್ಕೆ) ಆಡಿಸುವಾಗ ಮಾತ್ರ 15ರಿಂದ 20 ಪೌಂಡಿಗೆ ಏರುತ್ತೇನೆ. ತೇಲುವ ಸಣ್ಣ ಪಾಪರ್ ಲ್ಯೂರಿಗೆ ಇದನ್ನು ಕಟ್ಟಬೇಡಿ, ಮುಳುಗುವ ದಾರ ಅದರ ಮೂತಿಯನ್ನು ಕೆಳಕ್ಕೆಳೆಯುತ್ತದೆ.

ಬ್ರೇಡ್ ಅಂದರೆ ಪಾಲಿಎಥಿಲೀನ್ ಎಳೆಗಳನ್ನು ಹೆಣೆದ ದಾರ. ನೀರಿಗಿಂತ ಹಗುರ, ತೇಲುತ್ತದೆ, ಹಿಗ್ಗು ಇಲ್ಲವೆನ್ನುವಷ್ಟು ಕಡಿಮೆ. 30 ಪೌಂಡಿನ ಬ್ರೇಡ್ ಸುಮಾರು 8 ಪೌಂಡಿನ ಮೊನೊದಷ್ಟೇ ದಪ್ಪ. ನೀರಿನ ಮೇಲೆ ಹಾಸಿದ ಕಳೆಯ ಮೇಲೆ ಕಪ್ಪೆಯಾಕಾರದ ಲ್ಯೂರ್ ಓಡಿಸಲು 50ರಿಂದ 65 ಪೌಂಡ್ ಬೇಕು. ಎರಡು ಕಿಲೋ ಮೀನಿಗೆ ಇಷ್ಟೇಕೆ ಅನ್ನಿಸಬಹುದು. ಎಳೆಯಬೇಕಾದ್ದು ಮೀನೊಂದನ್ನೇ ಅಲ್ಲ, ಅದು ಸುತ್ತಿಕೊಂಡ ಕಳೆಯ ಹೊರೆಯನ್ನೂ. ಜೊತೆಗೆ, ಸಣ್ಣ ಬ್ರೇಡನ್ನು ಅಷ್ಟು ಬಲವಾಗಿ ಜಗ್ಗಿದರೆ ಸ್ಪೂಲಿನ (ರೀಲಿನಲ್ಲಿ ದಾರ ಸುತ್ತುವ ಭಾಗ) ಕೆಳಸುತ್ತುಗಳೊಳಗೆ ಹೂತುಕೊಂಡು ಮುಂದಿನ ಎಸೆತದಲ್ಲಿ ಗಕ್ಕನೆ ನಿಲ್ಲುತ್ತದೆ. ಹಸಿ ಕಾಂಡವನ್ನು ಗರಗಸದಂತೆ ಕೊಯ್ಯುವ ಇದೇ ಬ್ರೇಡ್ ಕಲ್ಲಿನ ಅಂಚಿಗೆ ಬಿಗಿಯಾಗಿ ಉಜ್ಜಿದರೆ ಕ್ಷಣದಲ್ಲಿ ತುಂಡು.

ರೀಲ್ ಒಂದೇ ಇದ್ದರೆ ನನ್ನ ಆಯ್ಕೆ ಇದು: 2500 ಅಳತೆಯ ಸ್ಪಿನ್ನಿಂಗ್ ರೀಲಿಗೆ 15 ಪೌಂಡ್ ಬ್ರೇಡ್, ತುದಿಗೆ ಎರಡರಿಂದ ಮೂರು ಮೀಟರ್ ಫ್ಲೋರೋಕಾರ್ಬನ್ ಲೀಡರ್, ಅಂದರೆ ಬ್ರೇಡಿಗೂ ಲ್ಯೂರಿಗೂ ನಡುವೆ ಕಟ್ಟುವ ತುಂಡು ದಾರ. ತಿಳಿನೀರಿಗೆ 6 ಅಥವಾ 8 ಪೌಂಡಿನ ಲೀಡರ್, ಕಲ್ಲಿದ್ದರೆ 10. ಎರಡನ್ನೂ ಸೇರಿಸಲು ಡಬಲ್ ಯೂನಿ ಗಂಟು. ಬ್ರೇಡಿನ ಕಡೆ ಎಂಟು ಸುತ್ತು, ಲೀಡರಿನ ಕಡೆ ಐದು. ಬ್ರೇಡ್ ನುಣುಪು, ಸುತ್ತು ಕಡಿಮೆಯಾದರೆ ಜಾರುತ್ತದೆ. ರಾಡಿನ ಉಂಗುರಗಳಲ್ಲಿ ಗಂಟು ತಟ್ಟುತ್ತಿದ್ದರೆ ಸಪೂರವಾದ ಎಫ್‌ಜಿ ಗಂಟು ಕಲಿಯುವುದೇ ದಾರಿ. ಬಗ್ಗಡದ ನೀರಿನಲ್ಲಿ, ದಟ್ಟ ಕಳೆಯಲ್ಲಿ ಲೀಡರಿನ ಗೊಡವೆಯೇ ಬೇಡ, ಬ್ರೇಡನ್ನೇ ನೇರ ಪಾಲೋಮರ್ ಗಂಟಿನಲ್ಲಿ ಕಟ್ಟಿ.

ಬ್ರೇಡ್ ಸುತ್ತುವಾಗ ಬರಿಯ ಸ್ಪೂಲಿಗೆ ಕಟ್ಟಿದರೆ ಇಡೀ ಕಟ್ಟು ಒಳಗೊಳಗೇ ತಿರುಗುತ್ತದೆ. ನೋಡುವವರಿಗೆ ಡ್ರ್ಯಾಗ್ (ಮೀನು ಜಗ್ಗಿದಾಗ ದಾರವನ್ನು ತಡೆತಡೆದು ಬಿಡುವ ರೀಲಿನ ಬಿಗಿ) ಕೆಟ್ಟಂತೆ ಕಾಣುತ್ತದೆ. ಅದಕ್ಕೆ ಮೊದಲು ಹತ್ತು ಮೀಟರ್ ಮೊನೊ ಸುತ್ತಿ, ಅದರ ಮೇಲೆ ಬ್ರೇಡ್. ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಬಿಗಿಯಾಗಿಯೇ ಸುತ್ತಬೇಕು. ಸ್ಪಿನ್ನಿಂಗ್ ರೀಲಿಗೆ ಯಾವ ದಾರ ಹಾಕಿದರೂ ಹತ್ತು ಸುತ್ತಾದ ಮೇಲೆ ನಿಲ್ಲಿಸಿ, ಸಡಿಲ ಬಿಟ್ಟು ನೋಡಿ. ತಾನಾಗಿ ತಿರುಚಿಕೊಂಡರೆ ದಾರ ಬರುತ್ತಿರುವ ಉರುಳೆಯನ್ನು ಮಗುಚಿ ಹಾಕಿ. ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೇ ಸುತ್ತುವುದನ್ನು ನಿಲ್ಲಿಸಬೇಕು. ತುಂಬಿ ತುಳುಕಿದರೆ ಮೊದಲ ಎಸೆತಕ್ಕೇ ಸಿಕ್ಕು.

ದಾರ ತುಂಡಾದಾಗ ಬೈದುಕೊಳ್ಳುವ ಮೊದಲು ತುದಿ ನೋಡಬೇಕು. ಹಂದಿಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ, ದಾರದ ತಪ್ಪಲ್ಲ. ತುದಿಗೆ ಮುಂಚಿನ ಒಂದೆರಡು ಅಡಿ ಉಗುರಿಗೆ ತರಿತರಿ ಸಿಕ್ಕರೆ ಕಲ್ಲಿಗೋ ಮೀನಿನ ಒರಟು ದವಡೆಗೋ ಉಜ್ಜಿ ಸವೆದಿದೆ. ಗಂಟಿನ ಬಾಯಿಗೆ ಸರಿಯಾಗಿ ಕತ್ತರಿಸಿದಂತೆ ಹೋಗಿ, ತುದಿ ಬೆಳ್ಳಗಾಗಿದ್ದರೆ ಬಿಗಿಯುವಾಗ ಉಜ್ಜಿ ಬಿಸಿಯಾಗಿ ಬೆಂದಿದೆ. ಫ್ಲೋರೋಕಾರ್ಬನ್ನಿನಲ್ಲಿ ಇದು ಸಾಮಾನ್ಯ. ಎಂಜಲು ಹಚ್ಚಿ, ನಿಧಾನವಾಗಿ ಒಂದೇ ಎಳೆತದಲ್ಲಿ ಬಿಗಿಯಬೇಕು. ಮೇಲೆಲ್ಲೋ ನಡುವೆ ಹರಿದಿದ್ದರೆ ಹಿಂದೆ ಸಿಕ್ಕು ಬಿಡಿಸುವಾಗ ಆದ ಮಡಿಕೆ ನೆನಪಿಸಿಕೊಳ್ಳಿ. ಚೂಪಾಗಿ ಮಡಿಸಿದ ಫ್ಲೋರೋಕಾರ್ಬನ್ ಮೊದಲಿನಂತಾಗುವುದಿಲ್ಲ, ಅಲ್ಲಿಯವರೆಗಿನ ದಾರ ಕತ್ತರಿಸಿ ಎಸೆಯುವುದೇ ವಾಸಿ. ಪ್ರತಿ ಮೀನಿನ ನಂತರ ಕೊನೆಯ ಒಂದು ಮೀಟರನ್ನು ಬೆರಳ ಸಂದಿಯಲ್ಲಿ ಎಳೆದು ನೋಡುತ್ತೇನೆ, ಸಣ್ಣ ತರಿ ಸಿಕ್ಕರೂ ಮತ್ತೆ ಕಟ್ಟುತ್ತೇನೆ.

ಡ್ರ್ಯಾಗ್ ಹೊಂದಿಸಲು ಸಣ್ಣ ತೂಕದ ತಕ್ಕಡಿ ಸಾಕು. ಮೊನೊ, ಫ್ಲೋರೋಕಾರ್ಬನ್ ಎರಡಕ್ಕೂ ದಾರದ ಬಲದ ನಾಲ್ಕನೇ ಒಂದು ಪಾಲು. 12 ಪೌಂಡಿನದಕ್ಕೆ 3. ಬ್ರೇಡಿಗೆ ಈ ಲೆಕ್ಕ ನಡೆಯದು. 65 ಪೌಂಡಿನ ಕಾಲುಪಾಲು 16 ಪೌಂಡಿಗೂ ಮೇಲಾಯಿತು. ಅಷ್ಟು ಬಿಗಿದರೆ ದಾರ ಉಳಿದರೂ ಸಣ್ಣ ಕೊಕ್ಕೆ ನೆಟ್ಟಗಾಗುತ್ತದೆ. ಅಲ್ಲಿ ಕೊಕ್ಕೆಯ ದಪ್ಪ ನೋಡಿಯೇ ಬಿಗಿ.

ಬ್ರೇಡ್ ಬೇಗ ಹಾಳಾಗುವುದಿಲ್ಲ, ಬಣ್ಣ ಮಾಸಿದರೆ ಗಾಬರಿ ಬೇಡ. ಎಸೆತದಲ್ಲಿ ದುಡಿಯುವುದು ಮೇಲಿನ ಐವತ್ತು ಮೀಟರ್ ಮಾತ್ರ. ಅದು ಜೂಲುಜೂಲಾದಾಗ ಇಡೀ ದಾರ ತಿರುವಿ ಸುತ್ತಿದರೆ ಅಡಿಯ ಹೊಸ ಭಾಗ ಮೇಲೆ ಬರುತ್ತದೆ. ತಳದಲ್ಲಿ ಸಿಕ್ಕಿಕೊಂಡ ಬ್ರೇಡನ್ನು ಕೈಗೆ ಸುತ್ತಿ ಎಳೆಯಬೇಡಿ, ಚರ್ಮ ಸೀಳುತ್ತದೆ. ಗಟ್ಟಿ ಕಡ್ಡಿಗೆ ನಾಲ್ಕು ಸುತ್ತು ಹಾಕಿ, ರಾಡನ್ನು ಪಕ್ಕಕ್ಕಿಟ್ಟು, ಮುಖ ಆಚೆ ತಿರುಗಿಸಿ ನೇರ ಎಳೆಯಿರಿ. ಬಿಟ್ಟುಕೊಂಡ ಲ್ಯೂರ್ ನೆಟ್ಟಗೆ ಮುಖಕ್ಕೇ ಹಾರಿ ಬರುತ್ತದೆ.