ಮಳೆ ಲೆಕ್ಕದಲ್ಲಿ ಹಕ್ಕಿ ನೋಡುವುದು

ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಕೆರೆ ಏರಿ ಮೇಲೆ ನಡೆದು ಮನೆಗೆ ಬರುತ್ತೇನೆ. ಕೊರಟಗೆರೆ ಕಡೆಯ ಸಣ್ಣ ಕೆರೆ ಅದು. ಏಳು ವರ್ಷದಿಂದ ಅಲ್ಲೇ ಹಕ್ಕಿ ನೋಡುತ್ತಿದ್ದೇನೆ, ಐದು ವರ್ಷದಿಂದ ಫೋಟೊ ತೆಗೆಯುತ್ತಿದ್ದೇನೆ. ಹೊಸದಾಗಿ ಶುರು ಮಾಡುವವರು "ಯಾವ ಕ್ಯಾಮೆರಾ ತಗೊಳ್ಳಲಿ ಅಕ್ಕ?" ಅಂತ ಕೇಳುತ್ತಾರೆ. ಮೊದಲು ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ ಅನ್ನುತ್ತೇನೆ.

ಅದರಲ್ಲಿ ತಾರೀಕಿನ ಪಕ್ಕ ಮಳೆ ಹೆಸರನ್ನೂ, ಅಂದರೆ ಆಗ ನಡೆಯುತ್ತಿರುವ ಮಳೆ ನಕ್ಷತ್ರದ ಹೆಸರನ್ನೂ ಬರೆಯಿರಿ. ಇದನ್ನು ಕಲಿಸಿದ್ದು ನಮ್ಮತ್ತೆ. ಒಂದು ದಿನ ಕೊಟ್ಟಿಗೆ ಮುಂದೆ ಹಳದಿ ಹೊಟ್ಟೆಯ ಹಕ್ಕಿಯೊಂದು ಬಾಲ ಕುಣಿಸುತ್ತ ಓಡಾಡುತ್ತಿತ್ತು. ನಾನು ಓಡಿಹೋಗಿ ಕರೆದರೆ ಅತ್ತೆ ಸಗಣಿ ಬಾಚುತ್ತಲೇ, "ಹಸ್ತೆ ಮಳೆ ಹುಟ್ತಲ್ಲವ್ವ, ಇನ್ನು ಅದು ಬಂದೇ ಬತ್ತದೆ" ಅಂದರು. ಅದು ಬೂದು ಸಿಪಿಲೆ. ಹಿಮಾಲಯದ ಕಡೆ ಮರಿ ಮಾಡಿ, ಚಳಿಗೆ ನಮ್ಮ ಕಡೆ ಇಳಿಯುವ ಹಕ್ಕಿ. ಅದು ಬರುವ ಹೊತ್ತು ಅತ್ತೆಗೆ ಬಾಯಿಪಾಠ.

ಮಳೆ ಲೆಕ್ಕ ಯಾಕೆ ಒಳ್ಳೆಯದು ಅಂದರೆ, ಒಂದು ಮಳೆ ಅಂದರೆ 13-14 ದಿನ. "ಸೆಪ್ಟೆಂಬರ್‌ನಲ್ಲಿ ಬಂತು" ಅಂತ ಬರೆದರೆ ಮುಂದಿನ ವರ್ಷ ತಿಂಗಳಿಡೀ ಕಾಯಬೇಕು. "ಉತ್ತರೆ ಕೊನೆಗೆ ಬಂತು" ಅಂತ ಬರೆದರೆ ಯಾವ ವಾರ ಕಾಯಬೇಕು ಅನ್ನುವುದೇ ಗೊತ್ತಾಗುತ್ತದೆ. ಹಬ್ಬಗಳ ತಾರೀಕಿನ ಹಾಗೆ ಇದು ಹಿಂದೆ ಮುಂದೆ ಆಗುವುದಿಲ್ಲ. ಮಳೆ ನಕ್ಷತ್ರ ಸೂರ್ಯನ ಲೆಕ್ಕ, ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ದಿನ ಹುಟ್ಟುತ್ತದೆ.

ಇನ್ನೊಂದು ಕಾಲಂ ನೀರಿಗೆ ಇಡಿ. ನಾನು ತೂಬಿನ ಕಲ್ಲು ನೋಡಿ ನೀರಿನ ಮಟ್ಟ ಗುರುತು ಮಾಡುತ್ತೇನೆ. ಕೆರೆ ತುಂಬಿದ್ದಾಗ ಗುಳುಮುಳುಕ, ನೀರುಕಾಗೆ ಜಾಸ್ತಿ. ನೀರು ಇಳಿದು ಅಂಚಿನ ಕೆಸರು ಬಿಚ್ಚಿಕೊಂಡಾಗ ಗೊರವಗಳು ಇಳಿಯುತ್ತವೆ, ಹುಳ ಸಿಗುವುದು ಆ ಕೆಸರಲ್ಲೇ ಅಲ್ವಾ. ಎರಡು ವರ್ಷ ಬರೆದಿಟ್ಟರೆ ತೂಬು ನೋಡಿಯೇ ಇವತ್ತು ಯಾರಿರುತ್ತಾರೆ ಅಂತ ಹೇಳಬಹುದು.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಮೊದಲು ಬೈನಾಕ್ಯುಲರ್, 8x42 ಸಾಕು. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಇರುವುದರಿಂದ ಮಬ್ಬು ಬೆಳಕಲ್ಲೂ ಕಣ್ಣಿಗೆ ಕಷ್ಟವಿಲ್ಲ. ನನ್ನ ಕ್ಯಾಮೆರಾ ಸೆಕೆಂಡ್ ಹ್ಯಾಂಡ್, ಲೆನ್ಸ್ ಬದಲಾಯಿಸಲಾಗದ ಉದ್ದ ಜೂಮಿನದು. ಟ್ರೈಪಾಡ್ ಇಲ್ಲ. ಹಳೇ ದಿಂಬಿನ ಕವರಿಗೆ ಎರಡು ಕೆಜಿ ಹುರುಳಿಕಾಳು ತುಂಬಿ ಹೊಲಿದಿದ್ದೇನೆ. ಏರಿ ಕಲ್ಲಿನ ಮೇಲೆ ಅದನ್ನಿಟ್ಟು ಕ್ಯಾಮೆರಾ ಕೂರಿಸಿದರೆ ಅಲುಗಾಡುವುದಿಲ್ಲ, ಹಕ್ಕಿಯ ಕಣ್ಣಿನ ಮಟ್ಟಕ್ಕೂ ಬರುತ್ತದೆ. ಸೂರ್ಯ ನಿಮ್ಮ ಬೆನ್ನಿಗಿರಲಿ.

ವರ್ಷ ಅಶ್ವಿನಿಯಿಂದ ಶುರು, ಅಂದರೆ ಏಪ್ರಿಲ್ ಮಧ್ಯ. ಆಗ ಬೆಳಕು ಎಂಟು ಗಂಟೆಗೇ ಕೆಡುತ್ತದೆ, ಆಮೇಲೆ ನೆಲದ ಬಿಸಿಗಾಳಿಗೆ ಚಿತ್ರ ನಡುಗುತ್ತದೆ. ಒಣಗಿದ ಕೆರೆ ಅಂಗಳದಲ್ಲಿ ಟಿಟ್ಟಿಭ ಮೊಟ್ಟೆಯಿಡುವ ಕಾಲ ಅದು. ಗೂಡು ಅಂತ ಇರುವುದಿಲ್ಲ, ನೆಲದಲ್ಲಿ ಒಂದು ತಗ್ಗು, ನಾಲ್ಕು ಮೊಟ್ಟೆ, ಚೂಪು ತುದಿ ಒಳಗೆ. ಬಣ್ಣ ಮಣ್ಣಿನದೇ.

ಮೊದಲ ವರ್ಷ ನಾನು ಆ ಮೊಟ್ಟೆಗಳ ಹತ್ತಿರ ಕೂತು ಫೋಟೊ ತೆಗೆದೆ. ತಾಯಿ ತಂದೆ ತಲೆ ಮೇಲೆ ಕಿರುಚುತ್ತ ಸುತ್ತುತ್ತಿದ್ದವು. ಕತ್ತೆತ್ತಿದಾಗ ಹತ್ತಿರದ ಜಾಲಿ ಮರದಲ್ಲಿ ಎರಡು ಕಾಗೆ ಕೂತಿದ್ದವು. ಮಾರನೇ ದಿನ ಮೂರೇ ಮೊಟ್ಟೆ. ಆ ಫೋಟೊ ಅಳಿಸಿಬಿಟ್ಟೆ. ಈಗ ನಲವತ್ತು ಹೆಜ್ಜೆ ದೂರದಲ್ಲೇ ಕೂರುತ್ತೇನೆ. ಹಕ್ಕಿ ಹತ್ತು ನಿಮಿಷದಲ್ಲಿ ವಾಪಸ್ ಬಂದು ಕೂರಲಿಲ್ಲ ಅಂದರೆ ಎದ್ದು ಹೋಗುತ್ತೇನೆ. ಹಾಗೆ ದೂರ ಕೂತದ್ದಕ್ಕೇ ಇನ್ನೊಂದು ಕಂಡಿತು. ಸುಡುಬಿಸಿಲಲ್ಲಿ ಟಿಟ್ಟಿಭ ಉಳಿದಿದ್ದ ನೀರಿನ ಗುಂಡಿಗೆ ನಡೆದುಹೋಗಿ, ಹೊಟ್ಟೆ ಗರಿ ಅದ್ದಿ, ಪುಕ್ಕದಿಂದ ನೀರು ತೊಟ್ಟಿಕ್ಕಿಸುತ್ತ ಬಂದು ಮೊಟ್ಟೆ ಮೇಲೆ ಕೂತಿತು. ಮೊಟ್ಟೆ ತಣ್ಣಗಿಡುವುದಕ್ಕೆ. ನನ್ನ ಹತ್ತಿರ ಇರುವ ಒಳ್ಳೆಯ ಚಿತ್ರ ಅದೇ.

ಮೃಗಶಿರೆ, ಆರಿದ್ರೆ ಹೊತ್ತಿಗೆ, ಅಂದರೆ ಜೂನ್‌ನಲ್ಲಿ, ಗಂಡು ಗೀಜಗಗಳ ತಲೆ ಹಳದಿಯಾಗುತ್ತದೆ. ಹುಲ್ಲು ಹಸಿರಾದ ಮೇಲೆಯೇ ನೇಯ್ಗೆ, ಒಣ ಎಳೆ ಬಾಗುವುದಿಲ್ಲ. ನಮ್ಮ ಕಲ್ಲುಬಾವಿ ಮೇಲೆ ಬಾಗಿದ ಜಾಲಿಯಲ್ಲಿ ಪ್ರತಿ ವರ್ಷ ಕಟ್ಟುತ್ತವೆ. ತೆಂಗಿನ ಗರಿಯ ಅಂಚನ್ನು ಕೊಕ್ಕಲ್ಲಿ ಕಚ್ಚಿ ಹಾರಿದರೆ ಉದ್ದ ಎಳೆ ಸೀಳಿಕೊಂಡು ಬರುತ್ತದೆ. ಗೂಡು ಅರ್ಧ ಆದಾಗ, ಇನ್ನೂ ಟೋಪಿಯಂತೆ ಇರುವಾಗ, ಗಂಡು ರೆಕ್ಕೆ ಬಡಿಯುತ್ತ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಒಳಹೊಕ್ಕು ನೋಡಿ ಒಪ್ಪಿದರೆ ಮಾತ್ರ ಗಂಡು ಕೊಳವೆ ಬಾಗಿಲು ಕಟ್ಟಿ ಮುಗಿಸುತ್ತದೆ. ನೀವು ಕಾಯಬೇಕಾದ್ದು ಆ ರೆಕ್ಕೆ ಬಡಿತಕ್ಕೆ. ಮೋಡ ಇರುವುದರಿಂದ ಐಎಸ್ಒ (ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ) 800ರಿಂದ 1600ರವರೆಗೆ ಏರಿಸಿ, ಶಟರ್ ವೇಗ 1/1000 ಸೆಕೆಂಡ್ ಇಡಿ. ಚಿತ್ರ ಸ್ವಲ್ಪ ಕಾಳುಕಾಳಾಗುತ್ತದೆ, ಪರವಾಗಿಲ್ಲ, ಮಸುಕಾಗುವುದಕ್ಕಿಂತ ಮೇಲು. ಮಳೆಗಾಲದಲ್ಲಿ ಕ್ಯಾಮೆರಾವನ್ನು ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಇಲ್ಲದಿದ್ದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ.

ಹಸ್ತೆ, ಚಿತ್ತೆ, ಸ್ವಾತಿ, ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ, ವಲಸೆ ಹಕ್ಕಿಗಳ ಮಳೆಗಳು. ಸಿಪಿಲೆ ಆಯಿತು, ಅಂಬರಗುಬ್ಬಿಗಳು ಕರೆಂಟ್ ತಂತಿ ಮೇಲೆ ಸಾಲಾಗಿ ಕೂರುತ್ತವೆ. ಈ ಮೂರು ಮಳೆಯಲ್ಲಿ ಒಂದು ದಿನವೂ ತಪ್ಪಿಸಬೇಡಿ.

ವಿಶಾಖ ಕಳೆದರೆ ಮಳೆ ಲೆಕ್ಕ ಮುಗಿಯಿತು. ಆಮೇಲೆ ನಾನು ಬೆಳೆ ಲೆಕ್ಕ ಹಿಡಿಯುತ್ತೇನೆ. ರಾಗಿ ಕೊಯ್ಲು, ಅವರೆಯ ಸೊಗಡು, ಮುತ್ತುಗದ ಹೂವು. ಕೊಯ್ದ ರಾಗಿ ಹೊಲದಲ್ಲಿ ಮಿಡತೆ ಹಿಡಿಯಲು ನೀಲಕಂಠ ಬರುತ್ತದೆ, ನಮ್ಮ ರಾಜ್ಯಪಕ್ಷಿ. ಕೂತಾಗ ಕಂದು, ಹಾರಿದಾಗಲೇ ಆ ನೀಲಿ. ಶಟರ್ 1/2000 ಇಟ್ಟು, ಅದು ತಂತಿಯಿಂದ ಬಾಗಿ ನೆಲ ನೋಡುವ ಕ್ಷಣಕ್ಕೆ ಕಾಯಿರಿ, ಮುಂದಿನ ಕ್ಷಣ ಹಾರುತ್ತದೆ. ಬೆಳ್ಳಕ್ಕಿ ತೆಗೆಯುವಾಗ ಹಿನ್ನೆಲೆ ಕಪ್ಪಾಗಿದ್ದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಒಳಬರುವ ಬೆಳಕು ಅರ್ಧ ಮಾಡಿ, ಇಲ್ಲದಿದ್ದರೆ ಗರಿಗಳೆಲ್ಲ ಒಂದೇ ಬಿಳಿ ಮುದ್ದೆಯಾಗುತ್ತವೆ.

ಚಳಿಯಲ್ಲಿ ಒಂದು ದಿನ ದೇವರಾಯನದುರ್ಗಕ್ಕೂ ಹೋಗಿ. ಬಂಡೆ ಪೊದೆಗಳಲ್ಲಿ ಹಳದಿ ಕತ್ತಿನ ಪಿಕಳಾರ ಇದೆ, ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದ ಹಕ್ಕಿ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯಬೇಡಿ. ಎದುರಾಳಿ ಬಂತೆಂದು ಅದು ತಿನ್ನುವುದು ಬಿಟ್ಟು ಹುಡುಕುತ್ತ ಅಲೆಯುತ್ತದೆ.

ಬೇಸಿಗೆ ಹತ್ತಿರವಾದಾಗ ನಾನು ಶಿರಾ ಕಡೆಯ ತವರಿಗೆ ಹೋಗುತ್ತೇನೆ. ಹತ್ತಿರದ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆಯೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರೇ ಕಾಯ್ದುಕೊಂಡು ಬಂದ ಹಕ್ಕಿಗಳು ಅವು. ಅಲ್ಲಿನವರನ್ನು ಮಾತಾಡಿಸಿ, ಕೇಳಿ ನಿಂತುಕೊಳ್ಳಿ. ಚಪ್ಪಾಳೆ, ಡ್ರೋನ್ ಎರಡೂ ಬೇಡ. ಆಕಾಶ ಹಿನ್ನೆಲೆಯಾದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ, ಹಕ್ಕಿ ಕಪ್ಪಾಗುವುದಿಲ್ಲ. ಹನ್ನೆರಡು ಗಂಟೆ ಬಿಸಿಲಿನಲ್ಲಿ ಬೆಳಕು ಚೆನ್ನಾಗಿರುವುದಿಲ್ಲ, ಆದರೂ ಸ್ವಲ್ಪ ಹೊತ್ತು ನಿಲ್ಲಿ. ಕೊಕ್ಕರೆ ಬಿಸಿಲಿಗೆ ಬೆನ್ನು ಕೊಟ್ಟು, ಎರಡೂ ರೆಕ್ಕೆ ಅರ್ಧ ಬಿಚ್ಚಿ ನಿಲ್ಲುತ್ತದೆ. ಆ ನೆರಳಿನಲ್ಲಿ ಮರಿಗಳು ಬಾಯಿ ತೆರೆದು ಕೂತಿರುತ್ತವೆ.