ಸೇತುವೆ ಮುಚ್ಚಿದ ಮೇಲೆ ನಾನು ಆಫೀಸಿಗೆ ಹೋದ ಬಗೆ

ಮುಂಬಯಿಯ ಸಯನ್ ಪೂರ್ವದ ನಮ್ಮ ಮನೆಗೂ ಬಿಕೆಸಿಯ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ಆಫೀಸುಗಳೇ ತುಂಬಿದ ಬಡಾವಣೆ) ನನ್ನ ಆಫೀಸಿಗೂ ನಕ್ಷೆಯ ಮೇಲೆ ಗೀಟು ಎಳೆದರೆ ಮೂರು, ಮೂರೂವರೆ ಕಿಲೋಮೀಟರು. ನಡುವೆ ಸೆಂಟ್ರಲ್ ರೈಲ್ವೆಯ ಹಳಿ. ಹಳಿ ದಾಟಿಸುವುದಕ್ಕೆ ಸ್ಟೇಷನ್ ಪಕ್ಕ ಬ್ರಿಟಿಷರ ಕಾಲದ, 1912ರ ಸೇತುವೆ. ವರ್ಷಗಟ್ಟಲೆ ಅದರ ಮೇಲೆ ಬಸ್ಸಿನಲ್ಲಿ ಹೋಗಿ ಬಂದೆ. ಅಲ್ಲೊಂದು ಸೇತುವೆ ಇದೆ ಅನ್ನುವುದೇ ತಲೆಗೆ ಹೋಗಿರಲಿಲ್ಲ. 2024ರ ಆಗಸ್ಟ್ 1ರಂದು ಅದನ್ನು ವಾಹನಗಳಿಗೆ ಮುಚ್ಚಿದರು.

ಮುಚ್ಚುವ ಕಾರಣವೇನೋ ಸರಿಯೇ. ಹಳೇ ಸೇತುವೆ ಸುರಕ್ಷಿತವಲ್ಲ ಎಂದು ಐಐಟಿ ಬಾಂಬೆ ಹೇಳಿತ್ತು, ಜೊತೆಗೆ ರೈಲ್ವೆಗೆ ಐದನೇ ಮತ್ತು ಆರನೇ ಹಳಿ ಹಾಕಲು ಜಾಗ ಬೇಕಿತ್ತು. ಒಡೆದು ಕಟ್ಟಲು ಎರಡು ವರ್ಷ ಅಂದರು. ಆ ವರ್ಷದ ಜನವರಿಯಿಂದಲೇ ಮುಚ್ಚುತ್ತೇವೆ ಅನ್ನುತ್ತ, ಒಮ್ಮೆ ಊರವರ ವಿರೋಧ, ಒಮ್ಮೆ ಮಕ್ಕಳ ಪರೀಕ್ಷೆ ಎಂದು ಮುಂದೂಡುತ್ತ ಬಂದಿದ್ದರಿಂದ ನಮಗೆಲ್ಲ ಅದು ತೋಳ ಬಂತು ತೋಳದ ಕಥೆಯಾಗಿತ್ತು. ನಾನಂತೂ ಜುಲೈ 31ರ ರಾತ್ರಿಯವರೆಗೂ ಏನೂ ತಯಾರಿ ಮಾಡಿರಲಿಲ್ಲ.

ಮೊದಲ ವಾರ ಎಲ್ಲರ ಹಾಗೆ ನಾನೂ ಅದೇ ಬಸ್ಸಿಗೆ ಅಂಟಿಕೊಂಡೆ. ಬಸ್ಸು ಈಗ ಸುತ್ತಿ ಬಳಸಿ ಧಾರಾವಿಯ ಒಳಗಿಂದ ಹೋಗಬೇಕು. ಸಯನ್ ಆಸ್ಪತ್ರೆಯ ಬಳಿ ಸುಲೋಚನಾ ಶೆಟ್ಟಿ ಮಾರ್ಗ, ಅಲ್ಲಿಂದ ಕುಂಭಾರವಾಡಾ, ಆಮೇಲೆ 90 ಅಡಿ ರಸ್ತೆ. ಕುಂದಾಪುರ ಕಡೆಯವಳಾದ ನನಗೆ ಫಲಕದ ಮೇಲೆ ಶೆಟ್ಟಿ ಅಂತ ಕಂಡಾಗ ಮೊದಲ ದಿನ ಸ್ವಲ್ಪ ಖುಷಿಯೇ ಆಯಿತು. ನಾಲ್ಕನೇ ದಿನ ಅದೇ ಫಲಕದ ಕೆಳಗೆ ಇಪ್ಪತ್ತೆರಡು ನಿಮಿಷ ನಿಂತಾಗ ಖುಷಿ ಇಳಿಯಿತು. ನಮ್ಮ ಹಿಂದೆ ಒಂದು ಆಂಬುಲೆನ್ಸ್ ಕೂಗುತ್ತಿತ್ತು. ಆಸ್ಪತ್ರೆಯ ಬಾಗಿಲಲ್ಲೇ ಊರಿನ ಟ್ರಾಫಿಕ್ಕನ್ನೆಲ್ಲ ತಂದು ಸುರಿದರೆ ಇನ್ನೇನಾಗುತ್ತದೆ?

ಆಫೀಸಿನಲ್ಲಿ ಬೆರಳೊತ್ತುವ ಯಂತ್ರ. ತಿಂಗಳಿಗೆ ಮೂರು ಸಲ ತಡವಾದರೆ ಅರ್ಧ ದಿನದ ರಜೆ ಕಟ್. ಆಗಸ್ಟ್ 20ರ ಹೊತ್ತಿಗೆ ನನ್ನ ಎರಡು ಅರ್ಧ ದಿನ ಹೋಗಿದ್ದವು.

ಆಗ ಲಂಡನ್ನಿನಿಂದ ನಾದಿನಿಯ ಮಗ ಫೋನ್ ಮಾಡಿದ. ಅವನದ್ದೂ ಇದೇ ಪಾಡು. ಅವನಿರುವುದು ಕೆಂಟಿಶ್ ಟೌನ್. ಅಲ್ಲಿನ ಭೂಗತ ರೈಲು ನಿಲ್ದಾಣವನ್ನು ಎಸ್ಕಲೇಟರ್ ಬದಲಿಸಲು 2023ರ ಜೂನ್ 26ರಂದು ಮುಚ್ಚಿದ್ದರು. ಸುಮಾರು ಒಂದು ವರ್ಷ ಅಂದಿದ್ದರಂತೆ, ವರ್ಷ ದಾಟಿದರೂ ತೆರೆದಿರಲಿಲ್ಲ. (ಕೊನೆಗೆ ತೆರೆದದ್ದು 2024ರ ಡಿಸೆಂಬರ್ 23ಕ್ಕೆ. ಒಂದು ವರ್ಷದ ಕೆಲಸ ಹದಿನೆಂಟು ತಿಂಗಳಾಗುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದ ನನಗೆ ಒಂಥರಾ ಸಮಾಧಾನವಾಯಿತು.) ರೈಲು ಅವನ ಮನೆಯ ಕೆಳಗೇ ಓಡುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಇವನು ಪಕ್ಕದ ನಿಲ್ದಾಣ ಟಫ್ನೆಲ್ ಪಾರ್ಕ್‌ವರೆಗೆ ನಡೆದು ಹೋಗಿ ಹತ್ತಬೇಕಿತ್ತು.

"ಅತ್ತೆ, ಮೊದಲ ಎರಡು ತಿಂಗಳು ನಾನೂ ಇವತ್ತು ಸರಿ ಹೋಗ್ತದೆ, ನಾಳೆ ಸರಿ ಹೋಗ್ತದೆ ಅಂತ ಹಳೇ ಲೆಕ್ಕದಲ್ಲೇ ಮನೆ ಬಿಡ್ತಿದ್ದೆ. ಆ ಸ್ಟೇಷನ್ ಇಲ್ಲವೇ ಇಲ್ಲ ಅಂತ ತಿಳ್ಕೊಂಡ್ಮೇಲೆ ಸಲೀಸಾಯ್ತು. ನೀವೂ ಸೇತುವೆ ಇರಲೇ ಇಲ್ಲ ಅಂದ್ಕೊಳ್ಳಿ" ಅಂದ.

ಹುಡುಗ ಹೇಳಿದ್ದು ಮನಸ್ಸಿಗೆ ನಾಟಿತು. ಸೇತುವೆಯೇ ಇಲ್ಲದ ಸಯನ್‌ಗೆ ನಾನು ನಿನ್ನೆ ಬಾಡಿಗೆಗೆ ಬಂದವಳಾಗಿದ್ದರೆ ಆಫೀಸಿಗೆ ಹೇಗೆ ಹೋಗುತ್ತಿದ್ದೆ? ಅಕೌಂಟ್ಸ್ ಕೆಲಸದವಳು, ಕಲಂ ಎಳೆಯದೆ ಯೋಚನೆ ಹರಿಯುವುದಿಲ್ಲ. ಮಗಳ ಹಳೇ ನೋಟ್‌ಬುಕ್ ತೆಗೆದು ನಾಲ್ಕು ಕಲಂ ಹಾಕಿದೆ: ಮನೆ ಬಿಟ್ಟದ್ದು, ಗಾಡಿ ಸಿಕ್ಕಿದ್ದು, ಕುರ್ಚಿಯಲ್ಲಿ ಕೂತದ್ದು, ಖರ್ಚು. ಮೂರು ವಾರ ಮೂರು ದಾರಿಗಳನ್ನು ಸರದಿಯ ಮೇಲೆ ಹಿಡಿದೆ. ಒಂದು ಧಾರಾವಿ ಬಸ್ಸು. ಎರಡನೆಯದು ಟ್ಯಾಕ್ಸಿ, ಚುನಾಭಟ್ಟಿಯಿಂದ ಬಿಕೆಸಿಗೆ ಹಾಕಿರುವ ಮೇಲ್ಸೇತುವೆಯ ಮೇಲೆ. ಮೂರನೆಯದು ಸಯನ್‌ನಿಂದ ಲೋಕಲ್ ರೈಲು ಹತ್ತಿ ಮುಂದಿನ ಸ್ಟೇಷನ್ ಕುರ್ಲಾದಲ್ಲಿ ಇಳಿದು, ಪಶ್ಚಿಮಕ್ಕೆ ಬಂದು 310 ನಂಬರ್ ಬಸ್ಸು.

ಮೂರನೆಯದು ನೋಡಲು ಪೆದ್ದು ದಾರಿ. ಪಶ್ಚಿಮಕ್ಕೆ ಹೋಗಬೇಕಾದವಳು ಮೊದಲು ಉತ್ತರಕ್ಕೆ ಹೋಗಿ, ಮತ್ತೆ ಕೆಳಗೆ ಬರುವುದು. ನಮ್ಮ ಯಜಮಾನರು ನಕ್ಕರು ಕೂಡ.

ಮೂರು ವಾರದ ಸರಾಸರಿ ತೆಗೆದರೆ ದೊಡ್ಡ ವ್ಯತ್ಯಾಸವೇ ಇಲ್ಲ. ಬಸ್ಸು 58 ನಿಮಿಷ, ಟ್ಯಾಕ್ಸಿ 47, ರೈಲು 55. ಟ್ಯಾಕ್ಸಿಯನ್ನು ಖರ್ಚಿನ ಕಲಂ ನೋಡಿಯೇ ಕೈಬಿಟ್ಟೆ. ಉಳಿದ ಎರಡರಲ್ಲಿ ಏನು ಆರಿಸುವುದು? ಸರಾಸರಿಯನ್ನು ಬಿಟ್ಟು ಪ್ರತಿ ದಾರಿಯ ಅತಿ ಕೆಟ್ಟ ದಿನ ಯಾವುದು ಅಂತ ನೋಡಿದೆ. ಬಸ್ಸಿನದು 38ರಿಂದ 95ರವರೆಗೆ ಉಯ್ಯಾಲೆ. ರೈಲಿನದು 51ರಿಂದ 64. ಮೂರು ವಾರ ನನ್ನನ್ನು ಸತಾಯಿಸಿದ್ದು ಆ 95 ಅಲ್ಲ, ಇವತ್ತು 38ಓ 95ಓ ಎಂದು ಮನೆ ಬಿಡುವಾಗ ಗೊತ್ತಿಲ್ಲದ್ದು. ಆ ಒಂದು ಅನುಮಾನಕ್ಕೆ ನಾನು ದಿನಾ 95ರ ಲೆಕ್ಕದಲ್ಲೇ ಹೊರಡಬೇಕು, ಮಗಳ ಡಬ್ಬಿ ಅರ್ಧ ಗಂಟೆ ಮುಂಚೆ ಆಗಬೇಕು, ಆಮೇಲೆ ಬೇಗ ತಲುಪಿದ ದಿನ ಬಾಗಿಲು ತೆರೆಯದ ಆಫೀಸಿನ ಮುಂದೆ ಕೂರಬೇಕು. ರೈಲಿಗಾದರೆ 65 ನಿಮಿಷ ಇಟ್ಟುಕೊಂಡರೆ ಮುಗಿಯಿತು. ನಿಧಾನವಾದರೂ ಮಾತಿಗೆ ತಪ್ಪದ ದಾರಿ ಸಾಕು ಅಂತ ತೀರ್ಮಾನಿಸಿದೆ.

ಇನ್ನೊಂದು ಲಾಭ ಲೆಕ್ಕದಲ್ಲಿ ಇರಲಿಲ್ಲ, ಹತ್ತಿದ ಮೇಲೆ ಗೊತ್ತಾಯಿತು. ಬೆಳಗ್ಗೆ ಜನವೆಲ್ಲ ದಕ್ಷಿಣ ಮುಂಬಯಿಯ ಕೊನೆಯ ನಿಲ್ದಾಣ ಸಿಎಸ್‌ಎಂಟಿ ಕಡೆ ಬರುವಾಗ ನಾನು ಉಲ್ಟಾ ದಿಕ್ಕು, ಸಂಜೆಯೂ ಉಲ್ಟಾ. ಎದುರು ಪ್ಲಾಟ್‌ಫಾರ್ಮಿನ ಗಾಡಿಯಲ್ಲಿ ಹೆಂಗಸರು ಬಾಗಿಲಿಗೆ ಜೋತು ಬಿದ್ದಿರುವಾಗ ನನಗೆ ಮಹಿಳಾ ಡಬ್ಬಿಯಲ್ಲಿ ಉಸಿರಾಡುವಷ್ಟು ಜಾಗ. ತಿಂಗಳ ಪಾಸಿಗೆ ನೂರು ರೂಪಾಯಿ. ಮುಂಬಯಿಯಲ್ಲಿ ಲೋಕಲಿನಲ್ಲಿ ಕೂತು ಆಫೀಸಿಗೆ ಹೋಗುತ್ತೇನೆ ಅಂದರೆ ಡೊಂಬಿವ್ಲಿಯ ನನ್ನ ಅಕ್ಕ ನಂಬಲಿಲ್ಲ.

ನೋಟ್‌ಬುಕ್ಕಿನಿಂದ ಇನ್ನೂ ಒಂದು ಕೆಲಸವಾಯಿತು. ಸೆಪ್ಟೆಂಬರಿನಲ್ಲಿ ಅದನ್ನೇ ತೆಗೆದುಕೊಂಡು ಹೋಗಿ ಮ್ಯಾನೇಜರ್ ಮುಂದೆ ಇಟ್ಟೆ. ಬಾಯಿಮಾತಿನಲ್ಲಿ "ಸರ್, ಟ್ರಾಫಿಕ್" ಅಂದಾಗೆಲ್ಲ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದ ಮನುಷ್ಯ, ತಾರೀಖು ಸಮೇತ ಮೂರು ವಾರದ ಅಂಕಿ ನೋಡಿ ಹತ್ತು ನಿಮಿಷ ಪುಟ ತಿರುಗಿಸಿದರು. ನನ್ನ ಹೊತ್ತು ಒಂಬತ್ತೂವರೆಯಿಂದ ಹತ್ತಕ್ಕೆ ಹೋಯಿತು, ಬುಧವಾರ ಮನೆಯಿಂದ ಕೆಲಸ. ಯಾರಿಗಾದರೂ ಇಂಥದೇ ಕಷ್ಟವಿದ್ದರೆ ದೂರುವ ಮುಂಚೆ ಬರೆದಿಡಿ ಅಂತ ಹೇಳುತ್ತೇನೆ. ಕಳೆದುಕೊಂಡ ಆ ಎರಡು ಅರ್ಧ ದಿನ ಮಾತ್ರ ವಾಪಸು ಬರಲಿಲ್ಲ.

ಕುರ್ಲಾ ದಾರಿಯೂ ಹೂವಿನ ಹಾಸಿಗೆಯೇನಲ್ಲ. 2024ರ ಡಿಸೆಂಬರ್ 9ರ ರಾತ್ರಿ ಕುರ್ಲಾ ಪಶ್ಚಿಮದ ಎಸ್.ಜಿ. ಬರ್ವೆ ಮಾರ್ಗದಲ್ಲಿ ನಗರ ಸಾರಿಗೆ ಸಂಸ್ಥೆ ಬೆಸ್ಟ್‌ನ ಬಸ್ಸೊಂದು ಜನರ ಮೇಲೆ, ವಾಹನಗಳ ಮೇಲೆ ನುಗ್ಗಿ ಹಲವರು ಸತ್ತರು. ಅದೇ ದಿನ ಸಂಜೆ ಏಳಕ್ಕೆ ಮುಂಚೆ ನಾನು ಅಲ್ಲೇ ಸ್ಟೇಷನ್ ಕಡೆ ನಡೆದಿದ್ದೆ. ಆಮೇಲೆ ಕೆಲವು ದಿನ ಸ್ಟೇಷನ್ ಬಳಿಯಿಂದ ಬಸ್ಸುಗಳೇ ಹೊರಡಲಿಲ್ಲ. ಷೇರ್ ರಿಕ್ಷಾದವರು ಬಾಯಿಗೆ ಬಂದ ದರ ಹೇಳಿದರು. ಒಂದು ಬೆಳಗ್ಗೆ ನಾವು ಐದು ಜನ ಹೆಂಗಸರು, ಅದುವರೆಗೆ ಮುಖಪರಿಚಯ ಮಾತ್ರ ಇದ್ದವರು, ನಡೆದೇ ಬಿಡೋಣ ಅಂತ ಹೊರಟೆವು. ಬಿಕೆಸಿಗೆ 38 ನಿಮಿಷ. ಬಸ್ಸು ಮತ್ತೆ ಬಂದ ಮೇಲೂ ಫೆಬ್ರವರಿ ಕೊನೆಯವರೆಗೆ, ಬಿಸಿಲು ಏರುವ ತನಕ, ನಾವು ವಾರಕ್ಕೆರಡು ಸಲ ನಡೆದೆವು. ಅವರಲ್ಲೊಬ್ಬರು ಹುಬ್ಬಳ್ಳಿಯವರು ಅಂತ ಗೊತ್ತಾದದ್ದು ಹತ್ತನೇ ದಿನ, ಫೋನಿನಲ್ಲಿ ಮಗನಿಗೆ ಬೈಯುವಾಗ.

2025ರ ಮೇ 9ಕ್ಕೆ ಬೆಸ್ಟ್ ದರ ಏರಿತು, ಎಸಿ ಬಸ್ಸಿನ ಕನಿಷ್ಠ ದರ 6ರಿಂದ 12. ಮರುದಿನವೇ ಭೂಗತ ಮೆಟ್ರೊ 3 ಬಿಕೆಸಿಯಿಂದ ಧಾರಾವಿ, ದಾದರ್ ದಾಟಿ ವರ್ಲಿಯ ಆಚಾರ್ಯ ಅತ್ರೆ ಚೌಕದವರೆಗೆ ಬಂತು. ಮಳೆಗಾಲಕ್ಕೆ ಇದೇ ಸರಿ ಅಂತ ಆಸೆಯಿಂದ ಒಂದು ದಿನ ದಾದರಿಗೆ ಹೋಗಿ ಮೆಟ್ರೊ ಹಿಡಿದೆ. ಒಳಗೆ ತಣ್ಣಗೆ, ಚೊಕ್ಕಟ. ಆದರೆ ದಾದರಿನವರೆಗೆ ಜನಜಾತ್ರೆಯ ದಿಕ್ಕಿನಲ್ಲೇ ಲೋಕಲು, ಇಳಿದು ಮೆಟ್ರೊ ಸ್ಟೇಷನ್ನಿಗೆ ನಡಿಗೆ, ಒಟ್ಟು 71 ನಿಮಿಷ. ಮೇ 26ರ ಮಳೆಗೆ ಆಚಾರ್ಯ ಅತ್ರೆ ಚೌಕದ ಹೊಸ ನಿಲ್ದಾಣಕ್ಕೇ ನೀರು ನುಗ್ಗಿ ಅದನ್ನು ಮುಚ್ಚಿದಾಗ, ನೆಲದಡಿಯ ದಾರಿಗೂ ಮಳೆ ತಪ್ಪಿದ್ದಲ್ಲ ಎಂದು ಗೊತ್ತಾಯಿತು. ಆದರೂ ಅದನ್ನು ನೋಟ್‌ಬುಕ್ಕಿನಲ್ಲಿ ನಾಲ್ಕನೇ ದಾರಿಯಾಗಿ ಬರೆದಿಟ್ಟಿದ್ದೇನೆ, ಯಾಕೆಂದರೆ ಸಯನ್‌ ಕುರ್ಲಾ ನಡುವೆ ಹಳಿಯ ಮೇಲೆ ನೀರು ನಿಲ್ಲುವುದು ಇಲ್ಲಿ ವಾಡಿಕೆ. ಆಗಸ್ಟ್ 19ರಂದು ಮಿಠಿ ನದಿ ಉಕ್ಕಿ ಲೋಕಲುಗಳೇ ನಿಂತವು. ಆ ಸಂಜೆ ಚೆಂಬೂರಿನ ಮೈಸೂರು ಕಾಲೊನಿ ಬಳಿ ಮಾನೊರೈಲು ಅರ್ಧದಲ್ಲಿ ಕೆಟ್ಟು ಜನ ಮೇಲೇ ಸಿಕ್ಕಿಹಾಕಿಕೊಂಡರು. ನಾನು ಆ ದಿನ ಮನೆಯಲ್ಲೇ ಇದ್ದೆ, ಟಿವಿ ಮುಂದೆ.

ಈ ಎಲ್ಲದರಲ್ಲಿ ನನಗೆ ದಾರಿ ಸಿಕ್ಕಿತು. ದಾರಿ ಸಿಗದೆ ಹೋದವರು ಮಾವ. ಎಪ್ಪತ್ತೆಂಟು ವರ್ಷ, ಎರಡೂ ಮಂಡಿ ನೋವು. ಸೇತುವೆ ಇದ್ದಾಗ ಸಂಜೆ ಐದಕ್ಕೆ ಕೊಡೆ ಹಿಡಿದು ಮೆಲ್ಲಗೆ ಅದರ ಮೇಲೆ ನಡೆದು, ಪಶ್ಚಿಮದಲ್ಲಿ ಅವರ ಹಳೇ ಗೆಳೆಯ, ಒಬ್ಬ ಮರಾಠಿ ಟೈಲರ್, ಅವರ ಅಂಗಡಿಯಲ್ಲಿ ಒಂದು ಗಂಟೆ ಕೂತು ಬರುತ್ತಿದ್ದರು. ಈಗ ಹಳಿ ದಾಟಲು ಪಾದಚಾರಿ ಸೇತುವೆಯ ಮೆಟ್ಟಿಲು ಹತ್ತಬೇಕು. ಮಾವನಿಗೆ ಅದು ಆಗದು. ಒಂದು ಭಾನುವಾರ ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದೆವು. ನಮ್ಮ ಮಹಡಿಯಿಂದ ಕಾಣುವ ಜಾಗಕ್ಕೆ ನಲವತ್ತು ನಿಮಿಷ. "ಇಷ್ಟು ಹೊತ್ತಿಗೆ ಪನವೇಲ್ ಸೇರಬಹುದಿತ್ತು, ಬೇಡ ಮಾರಾಯ್ತಿ" ಅಂದವರು ಮತ್ತೆ ಆ ಸುದ್ದಿ ಎತ್ತಲಿಲ್ಲ. ನನ್ನ ನಾಲ್ಕು ಕಲಮಿನಲ್ಲಿ ಅವರ ಲೆಕ್ಕ ಎಲ್ಲೂ ಬರುತ್ತಿರಲಿಲ್ಲ.

ಕೊನೆಗೆ ಟೈಲರೇ ಉಪಾಯ ಮಾಡಿದರು. ಅವರು ಹತ್ತು ವರ್ಷ ಚಿಕ್ಕವರು, ಮೆಟ್ಟಿಲು ಹತ್ತಬಲ್ಲರು. ಶನಿವಾರ ಅಂಗಡಿ ಬೇಗ ಮುಚ್ಚಿ ಈ ಕಡೆ ಬರುತ್ತಾರೆ. ಮಾವ ನಮ್ಮ ಬೀದಿಯ ಉಡುಪಿ ಹೋಟೆಲಿನಲ್ಲಿ ಮೊದಲೇ ಹೋಗಿ ಎರಡು ಕಾಫಿಗೆ ಹೇಳಿ ಕೂತಿರುತ್ತಾರೆ. ಗೆಳೆಯ ಬರುವುದು ತಡವಾದರೆ ಹೋಟೆಲಿನವರ ಫೋನಿನಿಂದ ನನಗೆ ಕರೆ ಬರುತ್ತದೆ. "ನಿನ್ನ ಪುಸ್ತಕ ತೆಗೆದು ನೋಡು. ಶನಿವಾರ ಸಂಜೆ ಎಷ್ಟು ನಿಮಿಷ ಹೆಚ್ಚು ಹಿಡಿತದೆ? ಇಲ್ಲಿ ಕಾಫಿ ಆರ್ತಾ ಉಂಟು."